ಹಕ್ಕು ಇದೆ, ಖಾತೆ ಇಲ್ಲ: ನಮ್ಮ ಗಡಿನಾಡಿನ ಮ್ಯೂಸಿಯಂಗೆ ದುಡ್ಡು ಯಾರು ಕೊಡ್ತಾರೆ?

ಸ್ವಲ್ಪ ಉದ್ದ ಆಗಿದೆ, ಪುರುಸೊತ್ತಾದಾಗ ಪೂರ್ತಿ ಓದಿ.

ಹೋದ ತಿಂಗಳು ನಮ್ಮ ಬ್ಯಾಂಕಿನ ಕೌಂಟರ್‌ಗೆ ಒಬ್ಬ ಅಜ್ಜ ಬಂದಿದ್ರು. ಎಪ್ಪತ್ತೈದು ದಾಟಿರಬೇಕು. ಪೆನ್ಷನ್ ದುಡ್ಡಿಗೆ ಬಂದಿರ್ತಾರೆ ಅಂದ್ಕೊಂಡೆ. "ಲಾಕರ್ ಸಿಗುತ್ತಾ ಸ್ವಾಮಿ?" ಅಂದ್ರು. ಒಡವೆ ಇಡೋಕಾ ಅಂತ ಕೇಳಿದೆ. ಇಲ್ಲ ಅಂತ ತಲೆ ಅಲ್ಲಾಡಿಸಿ ಕೈಚೀಲ ಬಿಚ್ಚಿ ತೋರಿಸಿದ್ರು. ಒಳಗೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಓಲೆಗರಿ ಕಟ್ಟು. ಅದರ ಜೊತೆ ಕಪ್ಪಗೆ, ಮಡಿಕೆ ಮಡಿಕೆಯಾಗಿದ್ದ ಒಂದು ಬಟ್ಟೆ ಪುಸ್ತಕ.

ಆ ಕಪ್ಪು ಪುಸ್ತಕ ನೋಡಿ ನನಗೆ ಮೈ ಜುಂ ಅಂತು. ಅದು ಕಡತ. ಹುಣಸೆ ಬೀಜದ ಅಂಟಿಗೆ ಇದ್ದಿಲು ಪುಡಿ ಕಲಸಿ, ಬಟ್ಟೆಗೆ ಬಳಿದು ಒಣಗಿಸಿ, ಬಳಪದಲ್ಲಿ ಲೆಕ್ಕ ಬರೀತಿದ್ದ ಪುಸ್ತಕ. ಶಾನುಭೋಗರು, ಅಂಗಡಿಯವರು ಇಟ್ಕೊಳ್ತಿದ್ದದ್ದು. ನಾನು ಬಿ.ಕಾಂ ಓದುವಾಗ ಲೆಡ್ಜರ್ ಬಗ್ಗೆ ಎಷ್ಟೋ ಪಾಠ ಕೇಳಿದ್ದೀನಿ, ನಮ್ಮ ಮುತ್ತಜ್ಜಂದಿರ ಲೆಡ್ಜರ್ ಕಣ್ಣಾರೆ ಕಂಡದ್ದು ಅವತ್ತೇ ಮೊದಲು.

ಅಜ್ಜ ಹೇಳಿದ್ದು ಇಷ್ಟೇ. ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕ್ತಿದ್ದಾರೆ. ಅಟ್ಟ ಹೋಗುತ್ತೆ. ಮಗ "ಇದನ್ನೆಲ್ಲ ಎಲ್ಲಿಟ್ಕೊಳ್ಳೋದು, ಯಾರು ಓದ್ತಾರೆ" ಅಂತಾನೆ. ಗುಜರಿಯವನು ತಾಮ್ರದ ಹಂಡೆ, ಹಿತ್ತಾಳೆ ಕೊಳಗ ತೂಕಕ್ಕೆ ತಗೊಂಡು ಹೋದ. ಗರಿಗೆ ತೂಕ ಇಲ್ಲ ಅಂತ ಬಿಟ್ಟು ಹೋದ. ನಮ್ಮ ಶಾಖೆಯಲ್ಲಿ ಲಾಕರ್ ಇಲ್ಲ. ಇದ್ದಿದ್ರೂ ಗಾಳಿ ಆಡದ ಕಬ್ಬಿಣದ ಪೆಟ್ಟಿಗೆ ಓಲೆಗರಿಗೆ ಒಳ್ಳೇದಲ್ಲ. "ಹಾಗಾದ್ರೆ ಎಲ್ಲಿ ಕೊಡ್ಲಿ?" ಅಂದ್ರು ಅಜ್ಜ. ನನ್ನ ಹತ್ರ ಉತ್ತರ ಇರಲಿಲ್ಲ.

ಈ ಬರಹ ಆ ಪ್ರಶ್ನೆಗೆ ನಾನು ಹುಡುಕಿದ ಉತ್ತರ.

ಮೊದಲು ನಮ್ಮ ಜಿಲ್ಲೆಯ ವಿಷಯ. ಕೃಷ್ಣಗಿರಿಯಲ್ಲಿ 1993ರಿಂದ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ವೀರಗಲ್ಲು, ಹಳೇ ಆಯುಧ, ಸಾಮಾನು ಎಲ್ಲ ಇಟ್ಟಿದ್ದಾರೆ. ನೋಡದೇ ಇರೋರು ಮಕ್ಕಳನ್ನ ಕರ್ಕೊಂಡು ಒಮ್ಮೆ ಹೋಗಿ ಬನ್ನಿ. ಹೊಸೂರು ಪಕ್ಕದ ತೊರಪಳ್ಳಿಯಲ್ಲಿ ರಾಜಾಜಿ ಹುಟ್ಟಿದ ಮನೆಯನ್ನ ಸರ್ಕಾರ ಸ್ಮಾರಕ ಮಾಡಿ ಕಾಪಾಡಿದೆ. ನಮ್ಮ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ಸಿಕ್ಕ ಕಬ್ಬಿಣ 4,200 ವರ್ಷ ಹಳೇದು ಅಂತ 2022ರಲ್ಲಿ ರಾಜ್ಯ ಸರ್ಕಾರ ವಿಧಾನಸಭೆಯಲ್ಲೇ ಪ್ರಕಟಿಸಿತು. ಮರುವರ್ಷ ಮಾರ್ಚಲ್ಲಿ ಕೀಳಡಿ ಮ್ಯೂಸಿಯಂ ತೆರೀತು, 18 ಕೋಟಿಗೂ ಹೆಚ್ಚು ಖರ್ಚು ಮಾಡಿ. ನನಗೆ ಇದರಲ್ಲಿ ಹೊಟ್ಟೆಕಿಚ್ಚಿಲ್ಲ, ಸಂತೋಷಾನೇ. ತಮಿಳುನಾಡು ತನ್ನ ಚರಿತ್ರೆಗೆ ದುಡ್ಡು ಖರ್ಚು ಮಾಡೋದನ್ನ ಕಲಿತಿದೆ. ನಾವು ಅದನ್ನ ನೋಡಿ ಕಲೀಬೇಕು.

ನನ್ನ ಪ್ರಶ್ನೆ ಬೇರೆ. 2011ರ ಜನಗಣತಿ ಪ್ರಕಾರ ಈ ರಾಜ್ಯದಲ್ಲಿ ಕನ್ನಡ ಮಾತೃಭಾಷೆಯವರು 12 ಲಕ್ಷಕ್ಕೂ ಹೆಚ್ಚು. ಹೊಸೂರು, ತಳಿ, ಡೆಂಕಣಿಕೋಟೆ, ಅಂಚೆಟ್ಟಿ, ತಾಳವಾಡಿ, ನೀಲಗಿರಿ ಎಲ್ಲ ಸೇರಿ. ಇಷ್ಟು ಜನರ ಬದುಕಿನ ಕಥೆ ಹೇಳೋ ಒಂದು ಕೋಣೆ ಎಲ್ಲಿದೆ?

ಕೆಲವರು "ನೀವು ಆಚೆಯಿಂದ ಬಂದೋರು, ನಿಮ್ಮ ಮ್ಯೂಸಿಯಂ ಆಚೆಗೇ ಇರ್ಲಿ" ಅಂತಾರೆ. ಅವರಿಗೆ ಒಂದು ಕಲ್ಲು ತೋರಿಸಬೇಕು. ಧರ್ಮಪುರಿಯ ಹಳೇ ಹೆಸರು ತಗಡೂರು. ಅಲ್ಲಿ ನೊಳಂಬರ ಕಾಲದ ಎರಡು ಕನ್ನಡ ಶಾಸನ ಸಿಕ್ಕಿವೆ. ಒಂದು ಶಕ 800, ಅಂದ್ರೆ ಕ್ರಿ.ಶ. 878. ಇನ್ನೊಂದು 893. ತಗಡೂರಿನ ಬಸದಿಗೆ ಊರುಗಳನ್ನ ದತ್ತಿ ಬಿಟ್ಟ ವಿವರ ಅವುಗಳಲ್ಲಿದೆ. ಈಗಿನ ಭಾಷೇಲಿ ಹೇಳಬೇಕಂದ್ರೆ ಅದು ಅನುದಾನದ ಆದೇಶ! ಇಂಥ ಆಸ್ತಿಯಿಂದ ಬರೋ ಹುಟ್ಟುವಳಿ ಇಂಥ ಸಂಸ್ಥೆಗೆ ಅಂತ ಕಲ್ಲಲ್ಲಿ ಕೊರೆಸಿಟ್ಟರು. ಸಾವಿರದ ನೂರು ವರ್ಷ ಆದ ಮೇಲೂ ನಮಗೆ ಅದು ಗೊತ್ತಿರೋದು ಯಾಕೆ? ಬರೆದಿಟ್ಟಿದ್ದಕ್ಕೆ.

ಆಮೇಲಿನದು ನಿಮಗೆಲ್ಲ ಗೊತ್ತಿರೋ ಕಥೆ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಬಾರಾಮಹಲನ್ನ ಇಂಗ್ಲಿಷರಿಗೆ ಬಿಟ್ಟುಕೊಟ್ಟ. 1799ರಲ್ಲಿ ಅವನು ಸತ್ತ ಮೇಲೆ ಹೊಸೂರು ಕಡೆಯ ಮೇಲ್ಸೀಮೆಯೂ ಹೋಯ್ತು. ಸೇಲಂ ಜಿಲ್ಲೆ ಆಯ್ತು. 1956ರಲ್ಲಿ ಭಾಷಾವಾರು ಗೆರೆ ಎಳೆದಾಗಲೂ ನಾವು ಇತ್ತಲೇ ಉಳಿದ್ವಿ. 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ. ವಿಳಾಸ ಇಷ್ಟು ಸಲ ಬದಲಾದರೂ ಮನೆ ಅದೇ, ದೊಡ್ಡಹಳ್ಳ ಅದೇ, ಬೆಟ್ಟದ ಹೆಸರುಗಳೂ ಅವೇ. ಹೊಗೇನಕಲ್ಲು ಅನ್ನೋ ಹೆಸರಲ್ಲಿ ಹೊಗೆಯೂ ಇದೆ, ಕಲ್ಲೂ ಇದೆ, ಎರಡೂ ಕನ್ನಡವೇ.

ಈಗ ಕಾನೂನಿಗೆ ಬರೋಣ. ಸಂವಿಧಾನದ 29ನೇ ವಿಧಿ ಏನು ಹೇಳುತ್ತೆ? ತಮ್ಮದೇ ಆದ ಭಾಷೆ, ಲಿಪಿ, ಸಂಸ್ಕೃತಿ ಇರೋ ಯಾವುದೇ ಭಾಗದ ಜನರಿಗೆ ಅದನ್ನ ಕಾಪಾಡಿಕೊಳ್ಳೋ ಹಕ್ಕಿದೆ. 350ಬಿ ಪ್ರಕಾರ ಭಾಷಾ ಅಲ್ಪಸಂಖ್ಯಾತರಿಗೆ ಒಬ್ಬ ವಿಶೇಷ ಅಧಿಕಾರಿ ಇದ್ದಾರೆ. 1957ರಿಂದ ಆ ಕಚೇರಿ ಇದೆ. ಅವರು ವರದಿ ಕೊಡ್ತಾರೆ, ಶಿಫಾರಸು ಮಾಡ್ತಾರೆ. ದುಡ್ಡು ಕೊಡೋ ಅಧಿಕಾರ ಅವರಿಗಿಲ್ಲ.

ಬ್ಯಾಂಕಿನವನಾಗಿ ನನಗೆ ಇದು ಹೀಗೆ ಕಾಣುತ್ತೆ: ಹಕ್ಕು ಇದೆ, ಖಾತೆ ಇಲ್ಲ. ಬಜೆಟ್ಟಿನಲ್ಲಿ "ಭಾಷಾ ಅಲ್ಪಸಂಖ್ಯಾತರ ಚರಿತ್ರೆ, ಸಂಸ್ಕೃತಿ ಸಂರಕ್ಷಣೆ" ಅಂತ ಒಂದು ಲೆಕ್ಕ ಶೀರ್ಷಿಕೆ ತೆರೆಯದೇ ಹೋದರೆ, ಮಂತ್ರಿಗಳಿಗೆ ಮನಸ್ಸಿದ್ದರೂ ದುಡ್ಡು ಹಾಕೋಕೆ ಜಾಗ ಇರೋಲ್ಲ. ಪಾಸ್‌ಬುಕ್ ಇಲ್ಲದೋರಿಗೆ ಯಾವ ಕ್ರೆಡಿಟ್ ಬರುತ್ತೆ ಹೇಳಿ?

ಇದನ್ನ ಬೇರೆಯವರು ಹೇಗೆ ಸಾಧಿಸಿದ್ರು ಅಂತ ಹುಡುಕಿದಾಗ ಅಮೆರಿಕದ ಲ್ಯಾಟಿನೋ ಜನರ ಕಥೆ ಸಿಕ್ತು. ಲ್ಯಾಟಿನೋ ಅಂದ್ರೆ ಮೆಕ್ಸಿಕೋ, ಪೋರ್ಟೋ ರಿಕೋ, ಕ್ಯೂಬಾ ಮುಂತಾದ ಕಡೆಯ ಮೂಲದೋರು. ಬಹಳ ಜನರ ಮನೆಮಾತು ಸ್ಪ್ಯಾನಿಷ್. 2020ರ ಗಣತಿಯಲ್ಲಿ 6 ಕೋಟಿ 20 ಲಕ್ಷ. ಅವರಲ್ಲೂ ಒಂದಷ್ಟು ಜನ ನಮ್ಮ ಹಾಗೇ, ಇದ್ದಲ್ಲೇ ಇದ್ದೋರು. 1848ರಲ್ಲಿ ಮೆಕ್ಸಿಕೋ ಯುದ್ಧದಲ್ಲಿ ಸೋತಾಗ ಗಡಿ ಅವರ ಮನೆ ದಾಟಿಕೊಂಡು ಹೋಯ್ತು. ಆ ದೇಶದ ರಾಷ್ಟ್ರೀಯ ಮ್ಯೂಸಿಯಂ ಸಂಸ್ಥೆ ಸ್ಮಿತ್ಸೋನಿಯನ್. ಆ ಸಂಸ್ಥೆಯಲ್ಲಿ ಲ್ಯಾಟಿನೋ ಜನರಿಗೆ ಜಾಗವೇ ಇಲ್ಲ ಅಂತ 1994ರಲ್ಲಿ ಅದರದೇ ಒಂದು ಸಮಿತಿ ವರದಿ ಕೊಟ್ಟಿತು. ವರದಿಯ ಹೆಸರೇ "ಬೇಕೆಂದೇ ಮಾಡಿದ ಕಡೆಗಣನೆ" ಅನ್ನೋ ಅರ್ಥದ್ದು. ಆಮೇಲೆ ಒಂದು ಕೇಂದ್ರ, ಒಂದು ಆಯೋಗ, 2011ರಲ್ಲಿ ಇನ್ನೊಂದು ವರದಿ. ಕೊನೆಗೆ 2020ರ ಡಿಸೆಂಬರಲ್ಲಿ ರಾಷ್ಟ್ರೀಯ ಅಮೆರಿಕನ್ ಲ್ಯಾಟಿನೋ ಮ್ಯೂಸಿಯಂ ಕಾಯ್ದೆ. ಲೆಕ್ಕ ಹಾಕಿ, 26 ವರ್ಷ.

ಆ ಕಾಯ್ದೆಯಲ್ಲಿ ನಾವು ಗಮನಿಸಬೇಕಾದ ಎರಡು ವಿಷಯ ಇವೆ. ಒಂದು, ಕಟ್ಟಡದ ಖರ್ಚಿನಲ್ಲಿ ಅರ್ಧ ಮಾತ್ರ ಸರ್ಕಾರದ್ದು, ಇನ್ನರ್ಧ ಜನರಿಂದ, ದಾನಿಗಳಿಂದ ಬರಬೇಕು. ಎರಡು, ರಾಜಧಾನಿಯ ದೊಡ್ಡ ಕಟ್ಟಡಕ್ಕೆ ಮಾತ್ರ ಅಲ್ಲ, ಲ್ಯಾಟಿನೋ ಚರಿತ್ರೆ ಸಂಸ್ಕೃತಿ ಮೇಲೆ ಕೆಲಸ ಮಾಡೋ ಬೇರೆ ಮ್ಯೂಸಿಯಂಗಳಿಗೆ ಜನ ತಯಾರು ಮಾಡೋಕೂ ಅನುದಾನದ ದಾರಿ ಮಾಡಿದ್ರು. ಬರೀ ಗೋಡೆಗೆ ದುಡ್ಡು ಸಾಲದು, ಒಳಗೆ ಕೂತು ಕೆಲಸ ಮಾಡೋರೂ ಬೇಕು ಅಂತ ಅವರಿಗೆ ಅರ್ಥ ಆಗಿತ್ತು.

ಪೂರ್ತಿ ಸಿಹಿ ಕಥೆ ಅಂದ್ಕೋಬೇಡಿ. 2022ರಲ್ಲಿ ಹಳೇ ಮ್ಯೂಸಿಯಂ ಒಳಗೇ ಒಂದು ಗ್ಯಾಲರಿ ತೆರೆದ್ರು. ಸ್ವಂತ ಕಟ್ಟಡ ಇನ್ನೂ ಎದ್ದಿಲ್ಲ. ಸಣ್ಣ ಮ್ಯೂಸಿಯಂಗಳಿಗೆ ಅನುದಾನ ಕೊಡೋ ಕೇಂದ್ರ ಸಂಸ್ಥೆಯನ್ನೇ ಕಾನೂನು ಬಿಡೋ ಕನಿಷ್ಠಕ್ಕೆ ಇಳಿಸಿ ಅಂತ 2025ರ ಮಾರ್ಚಲ್ಲಿ ಅಧ್ಯಕ್ಷರ ಆದೇಶ ಬಂತು. ಸರ್ಕಾರದ ದುಡ್ಡು ಹಾಗೇ. ಇವತ್ತು ಮಂಜೂರು, ನಾಳೆ ಕಡಿತ. ಆದ್ರೆ ಅಷ್ಟು ವರ್ಷದಲ್ಲಿ ಅವರು ಕೂಡಿಟ್ಟ ವಸ್ತು, ಬರೆದ ಪಟ್ಟಿ, ರೆಕಾರ್ಡ್ ಮಾಡಿದ ಮಾತು, ಅವು ಯಾವ ಆದೇಶಕ್ಕೂ ಅಳಿಸಿ ಹೋಗಲ್ಲ.

ಅಷ್ಟು ದೂರ ಯಾಕೆ, ನಮ್ಮೋರದ್ದೇ ಉದಾಹರಣೆ ಇದೆ. ಕಾಸರಗೋಡಿನ ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಜಾಗದಲ್ಲಿ "ಗಿಳಿವಿಂಡು" ಸ್ಮಾರಕ ಎದ್ದಿದೆ. ಕೇರಳ, ಕರ್ನಾಟಕ ಎರಡೂ ಸರ್ಕಾರ ಕೈ ಜೋಡಿಸಿದ್ದಕ್ಕೆ ಅದಾಯ್ತು. ಎರಡು ರಾಜ್ಯದ ದುಡ್ಡು ಒಂದು ಗಡಿನಾಡ ಕನ್ನಡ ಸ್ಮಾರಕಕ್ಕೆ ಬರಬಹುದು ಅನ್ನೋದಕ್ಕೆ ಅದೇ ಸಾಕ್ಷಿ. ರಾಮನಗರದ ಜಾನಪದ ಲೋಕ ನೋಡಿ. ಎಚ್.ಎಲ್. ನಾಗೇಗೌಡರು 1979ರಲ್ಲಿ ಪರಿಷತ್ತು ಕಟ್ಟಿದ್ರು, ಲೋಕ ತೆರೆದದ್ದು 1994ರಲ್ಲಿ. ನಡುವೆ 15 ವರ್ಷ. ಅಲ್ಲಿ ಇಟ್ಟಿರೋದೇನು? ಕೂರಿಗೆ, ಕುಂಟೆ, ಬೀಸೋ ಕಲ್ಲು, ಗುಡಾಣ, ಸೇರು, ಪಾವು. ನಮ್ಮ ಅಂಚೆಟ್ಟಿ, ಉರಿಗಂ, ನಾಟ್ರಾಂಪಾಳ್ಯ ಕಡೆ ಹಟ್ಟಿಗಳಲ್ಲಿ ಮೂಲೆಗೆ ಬಿದ್ದಿರೋ ಅದೇ ಸಾಮಾನು. ಅಲ್ಲಿ ಜನ ಟಿಕೆಟ್ ತಗೊಂಡು ನೋಡ್ತಾರೆ, ಇಲ್ಲಿ ನಾವು ಗುಜರಿಗೆ ಹಾಕ್ತೀವಿ.

ಸರಿ, ದುಡ್ಡು ಎಲ್ಲಿದೆ? ಇದೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಮ್ಯೂಸಿಯಂ ಗ್ರಾಂಟ್ ಸ್ಕೀಮ್ ಇದೆ. ಸರ್ಕಾರಿ ಮ್ಯೂಸಿಯಂಗಳಿಗೆ ಮಾತ್ರ ಅಲ್ಲ, ನೋಂದಾಯಿತ ಸಂಘ, ಟ್ರಸ್ಟ್‌ಗಳಿಗೂ ಅದರಲ್ಲಿ ಅವಕಾಶ ಇದೆ. ಸಾಮಾನ್ಯವಾಗಿ ಯೋಜನೆ ವೆಚ್ಚದ ಶೇ. 80 ಕೇಂದ್ರದ್ದು, ಉಳಿದ ಶೇ. 20 ನಮ್ಮದು. ಕರ್ನಾಟಕದಲ್ಲಿ 2010ರ ಕಾಯ್ದೆಯಿಂದ ಹುಟ್ಟಿದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇದೆ, ಹೊರರಾಜ್ಯದ ಗಡಿ ಕನ್ನಡ ಸಂಘಗಳಿಗೂ ನೆರವು ಕೊಡುತ್ತೆ.

ಹಾಗಾದ್ರೆ ನಮಗೆ ಯಾಕೆ ಬಂದಿಲ್ಲ? ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ದಿನಾ ಸಾಲದ ಅರ್ಜಿ ನೋಡೋನು ನಾನು. ನಮ್ಮ ಸಂಘಗಳ ಹತ್ರ ಶಾಲು ಇದೆ, ಬ್ಯಾನರ್ ಇದೆ, ರಾಜ್ಯೋತ್ಸವದ ಫೋಟೋ ಇದೆ. ಕಾಗದ ಇಲ್ಲ. ಅನುದಾನ ಕೊಡೋರು ಕೇಳೋದು ಇವನ್ನ: ನೋಂದಣಿ ಪತ್ರ, ಪ್ಯಾನ್, ದರ್ಪಣ್ ಪೋರ್ಟಲ್ ನಂಬರ್, ಹಿಂದಿನ ವರ್ಷಗಳ ಆಡಿಟ್ ಆದ ಲೆಕ್ಕ, ಜಾಗದ ಪತ್ರ, ಯೋಜನಾ ವರದಿ, ಮತ್ತೆ ಮುಖ್ಯವಾಗಿ, ನಿಮ್ಮ ಹತ್ರ ಇರೋ ವಸ್ತುಗಳ ಪಟ್ಟಿ. ದುಡ್ಡು ಬಂದ ಮೇಲೂ ಮುಗಿಯಲ್ಲ. ಕೇಂದ್ರದ ಅನುದಾನಕ್ಕೆ ಆರ್ಥಿಕ ವರ್ಷ ಮುಗಿದ 12 ತಿಂಗಳೊಳಗೆ ವಿನಿಯೋಗ ಪ್ರಮಾಣಪತ್ರ ಕೊಡಬೇಕು. ಕೊಡದಿದ್ರೆ ಮುಂದಿನ ಕಂತು ಮರೆತುಬಿಡಿ.

ಒಂದು ಸಣ್ಣ ಲೆಕ್ಕ ಹಾಕೋಣ. 50 ಲಕ್ಷದ ಒಂದು ಯೋಜನೆ ಅಂತ ಇಟ್ಕೊಳ್ಳಿ. ಶೇ. 20 ಅಂದ್ರೆ ನಮ್ಮ ಪಾಲು 10 ಲಕ್ಷ. 500 ಮನೆ, ಮನೆಗೆ 2,000 ರೂಪಾಯಿ. ಒಂದು ಊರ ಜಾತ್ರೆಗೆ ನಾವು ಎತ್ತೋ ವಂತಿಗೆ ನೆನಸ್ಕೊಳ್ಳಿ, ಆಗದ ಮಾತಲ್ಲ. ಕಷ್ಟ ಇರೋದು ಆಮೇಲೆ. ಅನುದಾನ ಗೋಡೆ ಕಟ್ಟಿಸುತ್ತೆ, ಗಾಜಿನ ಬೀರು ಕೊಡಿಸುತ್ತೆ. ಕರೆಂಟ್ ಬಿಲ್, ಕಾವಲುಗಾರನ ಸಂಬಳ ಯಾರು ಕೊಡ್ತಾರೆ? ಇನ್ನೊಂದು 10 ಲಕ್ಷ ಡಿಪಾಸಿಟ್ ಇಟ್ರೂ, ಶೇ. 7 ಬಡ್ಡಿ ಅಂತ ಹಿಡಿದ್ರೆ ವರ್ಷಕ್ಕೆ 70,000. ತಿಂಗಳಿಗೆ 6,000 ಕೂಡ ಇಲ್ಲ. ಒಬ್ಬ ಮನುಷ್ಯನ ಸಂಬಳಕ್ಕೆ ಸಾಲಲ್ಲ. ಉದ್ಘಾಟನೆ ಆದ ವರ್ಷವೇ ಬೀಗ ಬೀಳೋ ಭವನಗಳನ್ನ ನಾವು ನೋಡಿಲ್ವಾ? ಆದ್ದರಿಂದ ದೊಡ್ಡ ಕಟ್ಟಡದ ಕನಸು ಸದ್ಯಕ್ಕೆ ಬೇಡ. ಮಕ್ಕಳಿಲ್ಲದೆ ಖಾಲಿ ಬಿದ್ದ ಒಂದು ಶಾಲಾ ಕೋಣೆ, ಇಲ್ಲವೇ ಗ್ರಂಥಾಲಯದ ಒಂದು ಪಕ್ಕ ಸಾಕು. ವಾರಕ್ಕೆ ಎರಡು ದಿನ ತೆರೆದ್ರೂ ಸಾಕು.

ಇಲ್ಲಿ ಒಂದು ಮಾತು ಬರುತ್ತೆ, ನನ್ನ ಗೆಳೆಯರೇ ಕೇಳಿದ್ದಾರೆ. "ಕನ್ನಡ ಶಾಲೆಗೆ ಮೇಷ್ಟ್ರಿಲ್ಲ, ಪುಸ್ತಕ ತಡವಾಗಿ ಬರುತ್ತೆ. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಹತ್ತನೇ ಕ್ಲಾಸ್ ಮಕ್ಕಳ ವಿನಾಯಿತಿಗೆ ಕೋರ್ಟು ಅಲೆದಿದ್ದೀವಿ. ಇದರ ನಡುವೆ ನಿನಗೆ ಮ್ಯೂಸಿಯಂ ಬೇಕಾ?" ನ್ಯಾಯವಾದ ಪ್ರಶ್ನೆ. ಮೇಷ್ಟ್ರು ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇಷ್ಟ್ರ ಹುದ್ದೆ ಹತ್ತು ವರ್ಷ ತಡವಾದರೂ ಹೋರಾಡಿ ತಗೋಬಹುದು. ಈ ವರ್ಷ ಸುಟ್ಟು ಹೋದ ಓಲೆಗರಿಯನ್ನ ಮುಂದಿನ ವರ್ಷ ಯಾವ ಕೋರ್ಟೂ ವಾಪಸ್ ಕೊಡಿಸಲ್ಲ. ಇನ್ನೊಂದು, ನಮ್ಮ ಮಕ್ಕಳು ಕನ್ನಡ ಯಾಕೆ ಬಿಡ್ತಿದ್ದಾರೆ? ಕೆಲಸ ಸಿಗಲ್ಲ ಅಂತ ಅರ್ಧ. ಈ ಭಾಷೆ ಈ ಊರಿನದಲ್ಲ ಅನ್ನೋ ಕೀಳರಿಮೆ ಇನ್ನರ್ಧ. ತಾತನ ಊರಿನ ಹೆಸರು ಇರೋ ಕನ್ನಡ ಕಡತವನ್ನ ಗಾಜಿನೊಳಗೆ ನೋಡಿದ ಮಗು ಆ ಮಾತನ್ನ ಸುಲಭಕ್ಕೆ ನಂಬಲ್ಲ.

ಇನ್ನು, ಇದು ಯಾರ ವಿರುದ್ಧದ ಕೆಲಸವೂ ಅಲ್ಲ. ನಮ್ಮ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಕೇಳುತ್ತೆ. ಬೆಟ್ಟದ ಮೇಲೆ ಇರುಳರ ಮಾತು ಬೇರೆ. ವಸ್ತುವಿನ ಪಕ್ಕದ ಚೀಟಿಯಲ್ಲಿ ಕನ್ನಡದ ಜೊತೆ ತಮಿಳು, ತೆಲುಗು ಎರಡೂ ಇರ್ಲಿ. ನಮ್ಮ ಕಥೆ ಅಕ್ಕಪಕ್ಕದೋರಿಗೂ ಅರ್ಥ ಆಗಬೇಕಲ್ವಾ?

ಹಾಗಾದ್ರೆ ಈಗ ಏನು ಮಾಡೋಣ?

ಮೊದಲು ಒಂದು ರಿಜಿಸ್ಟರ್. ಅಂಗಡಿಯಲ್ಲಿ ಸಿಗೋ ಉದ್ದದ ಲೆಕ್ಕದ ಪುಸ್ತಕ ಸಾಕು. ಕ್ರಮಸಂಖ್ಯೆ, ವಸ್ತು ಏನು, ಅಳತೆ, ಯಾವ ಊರು, ಯಾರ ಮನೆ, ಏನಕ್ಕೆ ಬಳಸ್ತಿದ್ರು, ಅದರ ಬಿಡಿ ಭಾಗಗಳ ಕನ್ನಡ ಹೆಸರು, ಒಂದು ಫೋಟೋ, ಹೇಳಿದವರ ಸಹಿ. ವಸ್ತು ಅವರ ಮನೆಯಲ್ಲೇ ಇರ್ಲಿ, ಪಟ್ಟಿ ಮಾತ್ರ ನಮ್ಮ ಹತ್ರ ಇರ್ಲಿ. ಊರಿಗೆ ಇಬ್ಬರು ಹುಡುಗರು ಭಾನುವಾರ ಕೊಟ್ರೆ ಆರು ತಿಂಗಳ ಕೆಲಸ.

ಎರಡನೇದು ಎಚ್ಚರಿಕೆ. ಹೊಲದಲ್ಲಿರೋ ವೀರಗಲ್ಲು, ವಿಗ್ರಹ, ಶಾಸನ ಕಿತ್ತು ತರೋಕೆ ಹೋಗಬೇಡಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ಇಂಥ ವಸ್ತು ಪುರಾವಸ್ತು. ಮಹತ್ವದ ಹಸ್ತಪ್ರತಿಗಾದ್ರೆ 75 ವರ್ಷವೇ ಸಾಕು. ನೆಲದಲ್ಲಿ ಹೂತದ್ದು ಸಿಕ್ಕರೆ 1878ರ ನಿಧಿ ಕಾಯ್ದೆ ಪ್ರಕಾರ ಕಲೆಕ್ಟರಿಗೆ ತಿಳಿಸಬೇಕು. ಫೋಟೋ ತೆಗೆದು, ಜಾಗ ಬರೆದು, ಅಧಿಕಾರಿಗಳಿಗೆ ತಿಳಿಸಿ. ಓಲೆಗರಿ ಇದ್ದೋರು ಹೆದರಬೇಡಿ. 2003ರಿಂದ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಇತ್ತು, 2025ರ ಬಜೆಟ್ಟಿನಲ್ಲಿ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳಿಗಾಗಿ ಜ್ಞಾನ ಭಾರತಂ ಘೋಷಣೆ ಆಗಿದೆ. ಮನೆಗಳಲ್ಲಿರೋ ಗರಿಗಳನ್ನೂ ಪಟ್ಟಿ ಮಾಡೋ ಉದ್ದೇಶ ಅದರಲ್ಲಿದೆ.

ಮೂರನೇದು, ಒಂದೇ ಒಂದು ಟ್ರಸ್ಟ್. ಐದು ಸಂಘ, ಐದು ಅಧ್ಯಕ್ಷರು ಬೇಡ. ಮೂವರ ಸಹಿಯ ಜಂಟಿ ಖಾತೆ, ಪ್ರತಿ ವರ್ಷ ಆಡಿಟ್, ಲೆಕ್ಕ ಇದೇ ಪೇಜಲ್ಲಿ ಹಾಕೋದು.

ನಾಲ್ಕನೇದು, ಬೇಡಿಕೆ. ತಮಿಳುನಾಡು ಸರ್ಕಾರಕ್ಕೆ: ಜಿಲ್ಲಾ ವಸ್ತುಸಂಗ್ರಹಾಲಯದಲ್ಲಿ ಗಡಿಭಾಗದ ಭಾಷಾ ಅಲ್ಪಸಂಖ್ಯಾತರಿಗೆ ಒಂದು ವಿಭಾಗ, ಬಜೆಟ್ಟಿನಲ್ಲಿ ಒಂದು ಲೆಕ್ಕ ಶೀರ್ಷಿಕೆ. ಕರ್ನಾಟಕ ಸರ್ಕಾರಕ್ಕೆ: ಕಾರ್ಯಕ್ರಮದ ಅನುದಾನದ ಜೊತೆ ಮ್ಯೂಸಿಯಂ ನಿರ್ವಹಣೆಗೂ ವರ್ಷ ವರ್ಷ ನೆರವು. ಕೈಯಲ್ಲಿ ಸಾವಿರ ವಸ್ತುಗಳ ರಿಜಿಸ್ಟರ್ ಹಿಡಿದು ಹೋಗಿ ಕೇಳೋದಕ್ಕೂ, ಬರೀ ಮನವಿ ಪತ್ರ ಹಿಡಿದು ಹೋಗೋದಕ್ಕೂ ವ್ಯತ್ಯಾಸ ಇದೆ. ಶ್ಯೂರಿಟಿ ಇದ್ದ ಅರ್ಜಿಗೂ ಇಲ್ಲದ ಅರ್ಜಿಗೂ ಇರೋ ವ್ಯತ್ಯಾಸ ಅದು.

ಅಜ್ಜನ ವಿಷಯ ಹೇಳಿ ಮುಗಿಸ್ತೀನಿ. ಮೊನ್ನೆ ಭಾನುವಾರ ಅವರ ಮನೆ ಹುಡುಕ್ಕೊಂಡು ಹೋದೆ. ಹೆಂಚು ಇಳಿಸಿದ್ದರು. ಚೀಲವನ್ನ ಹಟ್ಟಿಯ ತೊಲೆಗೆ ನೇತು ಹಾಕಿದ್ದರು, ಮಳೆ ಬಂದ್ರೆ ನೆನೀದೇ ಇರ್ಲಿ ಅಂತ. ಕಡತದ ಒಂದೊಂದೇ ಮಡಿಕೆ ಬಿಡಿಸಿ ಮೊಬೈಲಲ್ಲಿ ಫೋಟೋ ತೆಗೆದೆ. ರಾಗಿ ಕೊಳಗ ಇಷ್ಟು, ಹುರುಳಿ ಇಷ್ಟು, ಬಾಕಿ ಇಷ್ಟು. ಬಾಕಿ ಅಂತ ಬರೆದದ್ದು ನಾನು ಈಗಲೂ ಬರೆಯೋ ಹಾಗೇ ಇತ್ತು. ಒಂದು ಹೊಸ ಲೆಕ್ಕದ ಪುಸ್ತಕ ತಗೊಂಡು ಹೋಗಿದ್ದೆ. ಮೊದಲನೇ ಪುಟದಲ್ಲಿ ಕ್ರಮಸಂಖ್ಯೆ 1 ಅಂತ ಹಾಕಿ, ಅವರ ಊರು, ಹೆಸರು ಬರೆದು ಸಹಿ ಕೇಳಿದೆ. ಕನ್ನಡದಲ್ಲಿ ನಿಧಾನಕ್ಕೆ ಸಹಿ ಹಾಕಿ, "ಒಂದೇನಾ ಇರೋದು?" ಅಂದ್ರು.

ಸದ್ಯಕ್ಕೆ ಒಂದೇ ಅಜ್ಜ ಅಂದೆ. ಎರಡನೇ ನಂಬರ್ ಯಾರ ಮನೇದು? ಕಾಮೆಂಟಲ್ಲಿ ಊರಿನ ಹೆಸರು ಹಾಕಿ, ಭಾನುವಾರ ಬರ್ತೀನಿ.